ಮಳೆ ಹಿಡಿದ ವಸಂತದಲ್ಲಿ ಸಾರ್ವಜನಿಕ ಉದ್ಯಾನದ ಪಾತಿಗೆ ಹೂಸಸಿ ನೆಡುವುದು ಹೇಗೆ?

ಪ್ರತಿ ಸಲ ಕೇಳಿಬರುವುದು ಒಂದೇ ದೂರು. "ಹೇಗೂ ಮಳೆ ಇದೆ, ನೀರು ಹಾಕುವ ಕೆಲಸ ಉಳಿಯಿತು ಅಂತ ಸಸಿ ತಂದು ನೆಟ್ಟೆವು. ಎರಡೇ ವಾರಕ್ಕೆ ಅರ್ಧ ಪಾತಿ ಖಾಲಿ." ಸಸಿಯೇ ಸರಿ ಇರಲಿಲ್ಲ ಅಂದುಕೊಂಡು ಬೇರೆ ಕಡೆಯಿಂದ ತರಿಸಿ ಮತ್ತೆ ನೆಡುತ್ತಾರೆ. ಅದೂ ಹೋಗುತ್ತದೆ.

ಸಸಿಯದು ತಪ್ಪಲ್ಲ. ಮೋಡ ಮುಚ್ಚಿದ ತಂಪು ಹವೆ ಸಸಿಗೆ ನಿಜಕ್ಕೂ ಹಿತ. ನೆಟ್ಟ ದಿನ ಅದು ಬಾಡುವುದಿಲ್ಲ. ಕಷ್ಟ ಆಗುವುದು ಮಣ್ಣಿಗೆ. ನೆನೆದ ಮಣ್ಣನ್ನು ಅಗೆದರೆ, ತುಳಿದರೆ ಅದರೊಳಗಿನ ಗಾಳಿಯ ಸಂದು ಮುಚ್ಚಿಹೋಗುತ್ತದೆ. ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕಲ್ವಾ? ಅದಕ್ಕೇ ಎರಡು ಕೆಲಸವನ್ನು ಬೇರೆ ಬೇರೆ ಇಟ್ಟುಕೊಳ್ಳಿ: ಮಳೆ ಹೊಳವು ಕೊಟ್ಟಾಗ ಮಣ್ಣಿನ ಕೆಲಸ, ಮೋಡ ಕವಿದಾಗ ಸಸಿಯ ಕೆಲಸ. ಎರಡನ್ನೂ ಒಂದೇ ದಿನ ಮುಗಿಸಲು ಹೊರಟರೆ ಸಾಮಾನ್ಯವಾಗಿ ಎರಡೂ ಕೆಡುತ್ತವೆ.

ಇಲ್ಲಿ ಹೇಳುತ್ತಿರುವುದು ಒಂದೇ ಋತುವಿಗೆಂದು ನೆಟ್ಟು, ಅದು ಮುಗಿದ ಮೇಲೆ ತೆಗೆದುಬಿಡುವ ಗಿಡಗಳ ಬಗ್ಗೆ.

## ಮೊದಲು ಸಾಮಾನು ಹೊಂದಿಸಿಕೊಳ್ಳಿ

ಸಲಿಕೆ, ಮುಳ್ಳುಗುದ್ದಲಿ ಅಥವಾ ಫೋರ್ಕ್, ಕುಂಟೆ, ನೆಡಲು ಕೈಸಲಿಕೆ, ಗೂಟ, ದಾರ, ಅಳತೆ ಟೇಪು, ಎರಡು ಬಕೆಟ್, ತಳ್ಳುಗಾಡಿ, ಒಂದು ಟಾರ್ಪಾಲು. ಮಣ್ಣಿನ ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಜೊತೆಗೆ ಹಲಗೆ. ಇದನ್ನು ಎಲ್ಲರೂ ಮರೆಯುತ್ತಾರೆ. ಒಂದಡಿ ಅಗಲದ, ನಿಂತರೆ ಬಾಗದಷ್ಟು ದಪ್ಪದ ಹಲಗೆ ಕನಿಷ್ಠ ಎರಡು ಬೇಕು. ಪಾತಿಯೊಳಗೆ ನಿಲ್ಲುವುದು, ಕೂರುವುದು ಎಲ್ಲ ಅದರ ಮೇಲೆಯೇ. ಬೂಟಿನ ಅಡಿ ಚಿಕ್ಕದು, ಮೈಯ ಭಾರವೆಲ್ಲ ಅಷ್ಟೇ ಜಾಗಕ್ಕೆ ಬೀಳುತ್ತದೆ. ಹಲಗೆ ಅದೇ ಭಾರವನ್ನು ಹತ್ತಾರು ಪಟ್ಟು ಜಾಗಕ್ಕೆ ಹಂಚುತ್ತದೆ. ಒಂದರ ಮೇಲೆ ಕೆಲಸ ಮಾಡುವಾಗ ಇನ್ನೊಂದನ್ನು ಹಿಂದಕ್ಕೆ ಸರಿಸಿಕೊಳ್ಳಬಹುದು, ಅದಕ್ಕೆ ಎರಡು.

## ಹಂತ 1: ನೀರು ಎಲ್ಲಿ ನಿಲ್ಲುತ್ತದೆ, ನೋಡಿ

ಒಂದು ಜೋರು ಮಳೆ ಬಂದು ನಿಂತ ಗಂಟೆಯ ಮೇಲೆ ಪಾತಿಯ ಹತ್ತಿರ ಹೋಗಿ. ಒಳಗೆ ಕಾಲಿಡಬೇಡಿ, ಸುತ್ತ ನಡೆದು ನೋಡಿದರೆ ಸಾಕು. ನೀರು ನಿಂತ ಕಡೆಯೆಲ್ಲ ಗೂಟ ಚುಚ್ಚಿ. ಆಮೇಲೆ ಆ ನೀರು ಎಲ್ಲಿಂದ ಬಂತು ಅಂತ ಹುಡುಕಿ. ಹಲವು ಸಲ ಅದು ಪಾತಿಯ ಮೇಲೆ ಬಿದ್ದ ಮಳೆಯೇ ಆಗಿರುವುದಿಲ್ಲ. ನಡೆದಾಡುವ ದಾರಿಯಿಂದ ಹರಿದು ಬಂದಿರುತ್ತದೆ, ಇಲ್ಲವೇ ಪಕ್ಕದ ಹುಲ್ಲುಹಾಸಿನ ಇಳಿಜಾರಿನಿಂದ. ಹಾಗಿದ್ದರೆ ಪಾತಿಯ ಮೇಲಂಚಿಗೆ 10 ಸೆಂ.ಮೀ. ಆಳದ ಸಣ್ಣ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿದರೆ ಅರ್ಧ ಸಮಸ್ಯೆ ಕಳೆಯಿತು.

ನೀರು ಎಷ್ಟು ಬೇಗ ಇಂಗುತ್ತದೆ ಅನ್ನುವುದನ್ನೂ ಅಳೆಯಿರಿ. 30 ಸೆಂ.ಮೀ. ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಈ ಸಲ ಗಂಟೆಗೆ ಎಷ್ಟು ಇಳಿಯಿತು ಅಂತ ಗುರುತು ಹಾಕಿ. ಗಂಟೆಗೆ 2–3 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ಪಾತಿಯನ್ನು ಎತ್ತರಿಸದೆ ನೆಡಬೇಡಿ. ಇಡೀ ದಿನ ನೀರು ಹಾಗೇ ನಿಂತಿದ್ದರೆ ಈ ವರ್ಷ ಅಲ್ಲಿ ದೊಡ್ಡ ಕುಂಡಗಳನ್ನಿಟ್ಟು ಅದರಲ್ಲಿ ನೆಡುವುದೇ ಜಾಣತನ.

ಸಾರ್ವಜನಿಕ ಜಾಗ ಆದ್ದರಿಂದ ಇನ್ನೊಂದು ಮಾತು. ಗುಂಡಿ ತೋಡುವ ಮೊದಲು ನೆಲದಡಿಯ ನೀರಿನ ಪೈಪು, ದೀಪದ ಕೇಬಲ್ ಎಲ್ಲಿ ಹೋಗಿವೆ ಅಂತ ಉಸ್ತುವಾರಿಯವರನ್ನು ಕೇಳಿ ಗುರುತು ಮಾಡಿಸಿಕೊಳ್ಳಿ. ಹಾಗೇ ಸ್ವಯಂಚಾಲಿತ ತುಂತುರು ವ್ಯವಸ್ಥೆ ಇದ್ದರೆ ಆಫ್ ಮಾಡಿಸಿ. ನಗಬೇಡಿ. ಹಗಲೆಲ್ಲ ಮಳೆ ಸುರಿದು, ಬೆಳಗಿನ ಜಾವ ಟೈಮರ್ ಪ್ರಕಾರ ಮತ್ತೆ ನೀರು ಚಿಮ್ಮುತ್ತಿರುವ ಪಾತಿಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ.

## ಹಂತ 2: ಮಳೆ ತಾಳುವ ಗಿಡ ಆರಿಸಿ

ನರ್ಸರಿಯಲ್ಲಿ ಕಣ್ಣಿಗೆ ಬೀಳುವುದು ದೊಡ್ಡ, ಸುತ್ತು ಜಾಸ್ತಿ ಇರುವ ಹೂ. ಮಳೆಗೆ ಮೊದಲು ಸೋಲುವುದೂ ಅದೇ. ದೊಡ್ಡ ಚೆಂಡು ಹೂವಿನ ಒಳಗೆ ನೀರು ತುಂಬಿಕೊಂಡರೆ ಕಾಂಡ ಬಾಗುತ್ತದೆ, ಹೂ ಒಳಗಿಂದಲೇ ಕೊಳೆಯುತ್ತದೆ. ಅಗಲ ಹೂವಿನ ಪೆಟೂನಿಯಾ ಒಂದು ಜಡಿಮಳೆಗೆ ಒದ್ದೆ ಕಾಗದದ ಹಾಗೆ ಮುದುಡುತ್ತದೆ. ಅದೇ ಗಿಡದ ಸಣ್ಣ ಹೂವಿನ ತಳಿಗಳು ಮಳೆ ನಿಂತ ಮೇಲೆ ಬೇಗ ಚೇತರಿಸಿಕೊಳ್ಳುತ್ತವೆ. ಗಿಡ್ಡ ಗಿಡ, ಸಣ್ಣ ಹೂ, ಒಂದೇ ಸುತ್ತಿನ ಎಸಳು: ಮಳೆ ಹಿಡಿದ ವಸಂತಕ್ಕೆ ಇದು ಸರಿ.

ತಂಪು ಹವೆಗೆ ಪ್ಯಾನ್ಸಿ, ಅಲಿಸಮ್, ಸ್ನಾಪ್‌ಡ್ರ್ಯಾಗನ್ ಹೆದರುವುದಿಲ್ಲ. ಅರೆನೆರಳಿನ, ಸ್ವಲ್ಪ ತೇವ ಉಳಿಯುವ ಜಾಗಕ್ಕೆ ಕೋಲಿಯಸ್, ಟೊರೇನಿಯಾ, ಬಿಗೋನಿಯಾ ಆಗುತ್ತವೆ. ತೇವ ಅಂದರೆ ತೇವ ಅಷ್ಟೇ, ನಿಂತ ನೀರಲ್ಲ. ಸದಾಪುಷ್ಪ, ಜಿನ್ನಿಯಾ, ಕೋಳಿಜುಟ್ಟು ಇವು ಬಿಸಿಲಿನ ಮಕ್ಕಳು. 10 ಸೆಂ.ಮೀ. ಆಳದಲ್ಲಿ ಬೆಳಗ್ಗೆ ಅಳೆದಾಗ ಮಣ್ಣು 18 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಇವನ್ನು ಟ್ರೇಯಲ್ಲೇ ಇಟ್ಟುಕೊಳ್ಳಿ. ಅದರಲ್ಲೂ ಸದಾಪುಷ್ಪ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬಹಳ ಬೇಗ ಬುಡ ಕೊಳೆತು ಹೋಗುತ್ತದೆ.

ಮಕ್ಕಳು ಆಡುವ ಜಾಗದ ಹತ್ತಿರ ದತ್ತೂರಿ, ಹರಳಿನ ಜಾತಿಯ ಗಿಡ ಬೇಡವೇ ಬೇಡ. ಎಷ್ಟೇ ಅಂದವಾಗಿದ್ದರೂ ಅವು ವಿಷ.

ತರುವಾಗ ಒಂದೆರಡು ಸಸಿಯನ್ನು ಟ್ರೇಯಿಂದ ಮೆಲ್ಲಗೆ ಹೊರತೆಗೆದು ಬೇರು ನೋಡಿ. ಬಿಳಿ ಬೇರು ಬೇಕು. ಕಂದು ಬಣ್ಣದ್ದು, ಮುಟ್ಟಿದರೆ ಜಾರುವಂಥದ್ದು ಇದ್ದರೆ ಆ ಟ್ರೇ ಬಿಟ್ಟುಬಿಡಿ. ಹೂ ಬಿಟ್ಟಿರುವ ಸಸಿಗಿಂತ ಮೊಗ್ಗೂ ಇಲ್ಲದ ಗಟ್ಟಿಮುಟ್ಟು ಸಸಿ ಯಾವಾಗಲೂ ವಾಸಿ.

## ಹಂತ 3: ಹದ ಬಂತಾ? ಮುಷ್ಟಿ ಕಟ್ಟಿ ನೋಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ತಾರೀಖು ನೋಡಿ ಅಗೆಯಬೇಡಿ, ಹದ ನೋಡಿ ಅಗೆಯಿರಿ.

ಮೇಲಿನ ಮಣ್ಣು ಬೇಗ ಒಣಗಿ ಮೋಸ ಮಾಡುತ್ತದೆ. ಅದಕ್ಕೆ 10–15 ಸೆಂ.ಮೀ. ಕೆಳಗಿನಿಂದ ಒಂದು ಹಿಡಿ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ. ಬೆರಳ ಸಂದಿಯಿಂದ ನೀರು ಒಸರಿದರೆ ಸಲಿಕೆ ಒಳಗಿಟ್ಟು ಬನ್ನಿ. ಒಸರದಿದ್ದರೆ ಆ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಒಡೆದುಹೋಗಿ ಪುಡಿಯಾದರೆ ಹದ ಬಂದಿದೆ. ಒತ್ತಿದ ಕಡೆ ಬರೀ ಗುಳಿ ಬಿದ್ದು ಉಂಡೆ ಹಾಗೇ ಉಳಿದರೆ, ಅಥವಾ ಅಂಗೈಯಲ್ಲಿ ಹೊಸೆದಾಗ ಬತ್ತಿಯ ಹಾಗೆ ಉದ್ದಕ್ಕೆ ಬಂದರೆ ಇನ್ನೂ ಕಾಯಬೇಕು.

ಮರಳು ಮಣ್ಣು ಒಂದು ದಿನದಲ್ಲಿ ಹದಕ್ಕೆ ಬರಬಹುದು. ಜೇಡಿಮಣ್ಣಿಗೆ ಮೂರ್ನಾಲ್ಕು ದಿನ, ಕೆಲವೊಮ್ಮೆ ವಾರ. ಹೊಳವೇ ಕೊಡದೆ ಸುರಿಯುತ್ತಿದ್ದರೆ? ಪಾತಿಯ ಮೇಲೆ ನಡುವೆ ಎತ್ತರ ಬರುವಂತೆ ಟಾರ್ಪಾಲು ಕಟ್ಟಿ, ನೀರು ಪಾತಿಯ ಹೊರಗೆ ಬೀಳಲಿ. ಮಳೆ ಇಲ್ಲದ ಹೊತ್ತಿನಲ್ಲಿ ತೆಗೆದು ಗಾಳಿಯಾಡಲು ಬಿಡಿ. ಎರಡು ಮೂರು ದಿನ ಹೀಗೆ ಮಾಡಿದರೆ ಬಹಳಷ್ಟು ಪಾತಿಗಳು ಕೆಲಸಕ್ಕೆ ಬರುತ್ತವೆ.

## ಹಂತ 4: ಪಾತಿಯ ಬೆನ್ನು ಎತ್ತರಿಸಿ

ಹದ ಸಿಕ್ಕ ದಿನ ಮಣ್ಣಿನ ಕೆಲಸ ಪೂರ್ತಿ ಮುಗಿಸಿ. ಸಸಿ ಇನ್ನೂ ಬಂದಿಲ್ಲದಿದ್ದರೂ ಪರವಾಗಿಲ್ಲ.

ಕಳೆ ತೆಗೆಯಿರಿ. ಚೆನ್ನಾಗಿ ಕಳಿತ ಕಾಂಪೋಸ್ಟನ್ನು 5 ಸೆಂ.ಮೀ. ದಪ್ಪಕ್ಕೆ ಹರಡಿ. ಲೆಕ್ಕಕ್ಕೆ ಇದು ಚದರ ಮೀಟರಿಗೆ 50 ಲೀಟರ್. ಫೋರ್ಕಿನಿಂದ 15–20 ಸೆಂ.ಮೀ. ಆಳಕ್ಕೆ ಬೆರೆಸಿ. ಹಸಿ ಗೊಬ್ಬರ ಹಾಕಬೇಡಿ, ಎಳೆ ಬೇರು ಸುಡುತ್ತದೆ. ನಂತರ ಮಣ್ಣನ್ನು ಅಂಚಿನಿಂದ ನಡುವಿಗೆ ಎಳೆದು, ಆಮೆಯ ಬೆನ್ನಿನ ಹಾಗೆ ನಡುವೆ 15 ಸೆಂ.ಮೀ. ಎತ್ತರ ಬರುವಂತೆ ಮಾಡಿ. ಸುತ್ತಲೂ 7–10 ಸೆಂ.ಮೀ. ಆಳದ ಅಂಚುಗಾಲುವೆ ತೆಗೆಯಿರಿ. ಇದು ನೀರನ್ನೂ ಒಯ್ಯುತ್ತದೆ, ಹುಲ್ಲು ಒಳಗೆ ನುಗ್ಗುವುದನ್ನೂ ತಡೆಯುತ್ತದೆ. ನೋಡುವವರಿಗೆ ಹೂವೂ ಎದ್ದು ಕಾಣುತ್ತದೆ.

ಇಲ್ಲಿ ಎರಡು ತಪ್ಪು ಪದೇ ಪದೇ ನಡೆಯುತ್ತವೆ. ಒಂದು, ಜೇಡಿಮಣ್ಣಿಗೆ ನಾಲ್ಕು ಬಾಂಡ್ಲಿ ಮರಳು ಸುರಿಯುವುದು. ಅಷ್ಟು ಕಡಿಮೆ ಮರಳಿನಿಂದ ಏನೂ ಸಡಿಲವಾಗುವುದಿಲ್ಲ. ಜೇಡಿ ಹೋಗಿ ಮರಳಿನ ಸಂದಿಯಲ್ಲಿ ತುಂಬಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ಎರಡನೆಯದು, ನೀರು ಇಳಿಯಲಿ ಅಂತ ಗುಂಡಿಯ ತಳಕ್ಕೆ ಜಲ್ಲಿ ಹಾಕುವುದು. ಮೇಲಿನ ನುಣುಪು ಮಣ್ಣು ಪೂರ್ತಿ ನೆನೆದು ತುಂಬುವ ತನಕ ನೀರು ಜಲ್ಲಿಯೊಳಗೆ ಇಳಿಯುವುದೇ ಇಲ್ಲ. ಬೇರು ಇರುವ ಕಡೆಯೇ ನೀರು ನಿಂತಂತಾಯಿತು.

ಗೊಬ್ಬರದ ಹರಳು ಹಾಕುವುದಾದರೆ ನಿಧಾನವಾಗಿ ಕರಗುವಂಥದ್ದನ್ನು ಪೊಟ್ಟಣದ ಮೇಲಿನ ಅಳತೆಯಲ್ಲೇ ಹಾಕಿ. ಬೇಗ ಕರಗುವ ಸಾರಜನಕ ಎರಡು ಜೋರು ಮಳೆಗೆ ಬೇರಿಗೂ ಸಿಗದೆ ಕೆಳಗಿಳಿದು ಹೋಗುತ್ತದೆ.

## ಹಂತ 5: ಸಸಿಯನ್ನು ಹೊರಗಿನ ಹವೆಗೆ ಒಗ್ಗಿಸಿ

ನೆರಳುಮನೆಯಲ್ಲಿ ಬೆಳೆದ ಸಸಿ ಮೆತ್ತಗಿರುತ್ತದೆ. 7ರಿಂದ 10 ದಿನ ಕೊಡಿ. ಮೊದಲ ಎರಡು ಮೂರು ದಿನ ನೆರಳಿನಲ್ಲಿ ಕೆಲವೇ ಗಂಟೆ, ಆಮೇಲೆ ದಿನದಿನಕ್ಕೆ ಬೆಳಕು, ಗಾಳಿ ಹೆಚ್ಚಿಸುತ್ತ ಹೋಗಿ. ಸಣ್ಣ ಹನಿ ಬಿದ್ದರೆ ಬೀಳಲಿ, ಜಡಿಮಳೆಗೆ ಮಾತ್ರ ಒಳಗಿಡಿ.

ಟ್ರೇಯನ್ನು ನೆಲದ ಮೇಲೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಇಡಬೇಡಿ. ಕೆಳಗೆ ನೀರು ನಿಂತು ಬೇರು ಅಲ್ಲೇ ಕೊಳೆಯಲು ಶುರುವಾಗುತ್ತದೆ. ಎರಡು ರೀಪಿನ ಮೇಲೆ ಎತ್ತರಿಸಿ ಇಟ್ಟರೆ ಆಯಿತು.

## ಹಂತ 6: ಎಷ್ಟು ಸಸಿ ಬೇಕು?

ಚೌಕದ ಬದಲು ತ್ರಿಕೋನದಲ್ಲಿ ನೆಡಿ. ಅಂದರೆ ಒಂದು ಸಾಲಿನ ಎರಡು ಸಸಿಗಳ ನಡುವಿನ ಜಾಗಕ್ಕೆ ಮುಂದಿನ ಸಾಲಿನ ಸಸಿ ಬರಲಿ. ಪಾತಿ ಬೇಗ ತುಂಬಿದಂತೆ ಕಾಣುತ್ತದೆ. ಸಸಿಗಳ ನಡುವೆ 25 ಸೆಂ.ಮೀ. ಇದ್ದರೆ ಸಾಲುಗಳ ನಡುವೆ ಸುಮಾರು 22 ಸೆಂ.ಮೀ. ಬರುತ್ತದೆ. ಹೀಗೆ ನೆಟ್ಟರೆ ಚದರ ಮೀಟರಿಗೆ 20 ಸೆಂ.ಮೀ. ಅಂತರದಲ್ಲಿ ಸುಮಾರು 29 ಸಸಿ, 25ರಲ್ಲಿ 18–19, 30ರಲ್ಲಿ 13.

4 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಪಾತಿ ಅಂದರೆ 10 ಚದರ ಮೀಟರ್. 25 ಸೆಂ.ಮೀ. ಅಂತರಕ್ಕೆ 185 ಸಸಿ. ಮೇಲೆ ನೂರಕ್ಕೆ ಹತ್ತರಂತೆ ಸೇರಿಸಿ 204 ತನ್ನಿ. ಹೆಚ್ಚುವರಿ ಸಸಿಗಳನ್ನು ಟ್ರೇಯಲ್ಲೇ ಉಳಿಸಿಕೊಳ್ಳಿ, ಎರಡು ವಾರದ ನಂತರ ಬೇಕಾಗುತ್ತವೆ.

ಉದ್ಘಾಟನೆಯ ದಿನವೇ ಪಾತಿ ತುಂಬಿರಬೇಕು ಅಂತ ಒತ್ತೊತ್ತಾಗಿ ನೆಡಿಸುವವರಿದ್ದಾರೆ. ಒದ್ದೆ ವರ್ಷದಲ್ಲಿ ಅದು ಬೂಜಿಗೆ ಆಹ್ವಾನ. ಗಾಳಿಯಾಡಲು ಮಾಮೂಲಿಗಿಂತ 2–3 ಸೆಂ.ಮೀ. ಜಾಸ್ತಿಯೇ ಬಿಡಿ. ಗಿಡ್ಡ ಗಿಡ ಅಂಚಿಗೆ, ಎತ್ತರದ್ದು ನಡುವಿಗೆ. ಜನ ದಾರಿ ಉಳಿಸಲು ಪಾತಿಯನ್ನು ಅಡ್ಡ ಹಾಯುವ ಮೂಲೆಗಳು ಪ್ರತಿ ಉದ್ಯಾನದಲ್ಲೂ ಇರುತ್ತವೆ. ಅಲ್ಲಿ ಹಟ ಹಿಡಿದು ಹೂ ನೆಡುವುದಕ್ಕಿಂತ ನಾಲ್ಕು ಕಲ್ಲುಚಪ್ಪಡಿ ಹಾಕಿ ದಾರಿ ಕೊಟ್ಟುಬಿಡಿ.

## ಹಂತ 7: ನೆಡುವ ದಿನ

ಮೋಡ ಮುಚ್ಚಿದ ದಿನ, ಇಲ್ಲವೇ ಸಂಜೆಯ ಹೊತ್ತು ಒಳ್ಳೆಯದು. ಗುಡುಗು ಕೇಳಿಸಿದರೆ ಕೆಲಸ ಬಿಟ್ಟು ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ, ಮರದಡಿ ನಿಲ್ಲಲೇಬೇಡಿ.

ದಾರಿಯ ಮೇಲೆ ಟಾರ್ಪಾಲು ಹಾಸಿ ಸಾಮಾನು ಅದರ ಮೇಲಿಡಿ. ಕೆಸರು ದಾರಿಗೆ ಬಿದ್ದರೆ ನಡೆದಾಡುವ ವಯಸ್ಸಾದವರು ಜಾರಿ ಬೀಳುತ್ತಾರೆ. ಬಿದ್ದ ಕೆಸರನ್ನು ಗುಡಿಸಿ ಪಾತಿಗೇ ಹಾಕಿ, ಚರಂಡಿಗೆ ತೊಳೆಯಬೇಡಿ. ಸುತ್ತ ದಾರ ಕಟ್ಟಿ.

ಮಳೆ ಇದ್ದರೂ ಸಸಿಯ ಬುಡದ ಗಡ್ಡೆ, ಅಂದರೆ ಬೇರು ಹಿಡಿದುಕೊಂಡಿರುವ ಮಣ್ಣಿನ ಮುದ್ದೆ, ಒಣಗಿರಬಹುದು.  ಟ್ರೇ ಎತ್ತಿ ನೋಡಿ, ಹಗುರ ಅನ್ನಿಸಿದರೆ ನೀರಿನ ಬಕೆಟ್ಟಿನಲ್ಲಿ ಗುಳ್ಳೆ ನಿಲ್ಲುವ ತನಕ ಅದ್ದಿ, ಸೋರಲು ಬಿಡಿ.

ಹಲಗೆಯ ಮೇಲೆ ಕೂತು ಪಾತಿಯ ನಡುವಿನಿಂದ ಶುರು ಮಾಡಿ, ಹಿಂದಕ್ಕೆ ಸರಿಯುತ್ತ ಅಂಚಿಗೆ ಬನ್ನಿ. ನೆಟ್ಟ ಜಾಗಕ್ಕೆ ಮತ್ತೆ ಕಾಲಿಡುವ ಪ್ರಸಂಗ ಬರಬಾರದು.

ಗುಂಡಿಯ ಗೋಡೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ವಸಂತದಲ್ಲಿ ನಾವು ಆತುರಪಟ್ಟು ಒದ್ದೆ ಜೇಡಿಮಣ್ಣಿಗೆ ಚೆಂಡು ಹೂವಿನ ಸಸಿ ನೆಟ್ಟೆವು. ಮೂರು ವಾರವಾದರೂ ಗಿಡ ಒಂದಂಗುಲ ಏಳಲಿಲ್ಲ. ಒಂದನ್ನು ಕಿತ್ತು ನೋಡಿದೆ. ಕೈಸಲಿಕೆ ತಿರುಗಿಸಿದ ಕಡೆಯೆಲ್ಲ ಗುಂಡಿಯ ಒಳಮೈ ಮಡಕೆಯ ಹಾಗೆ ನುಣ್ಣಗೆ, ಹೊಳೆಯುತ್ತಿತ್ತು. ಬೇರುಗಳು ಆ ಗೋಡೆಯನ್ನು ತೂರಲಾಗದೆ ಒಳಗೇ ಸುತ್ತು ಹೊಡೆದಿದ್ದವು. ತಳದಲ್ಲಿ ಎರಡು ಬೆರಳಷ್ಟು ಹಳಸಿದ ನೀರು. ಅಂದರೆ ನಾವು ಪಾತಿಯಲ್ಲಿ ನೂರಾರು ತೂತಿಲ್ಲದ ಕುಂಡಗಳನ್ನು ಮಾಡಿಟ್ಟಿದ್ದೆವು! ಅವತ್ತಿನಿಂದ ಗುಂಡಿ ತೆಗೆದ ಮೇಲೆ ಅದರ ಗೋಡೆ, ತಳವನ್ನು ಬೆರಳಿನಿಂದಲೋ ಕೈಫೋರ್ಕಿನ ಹಲ್ಲಿನಿಂದಲೋ ಗೀರಿ ಒರಟು ಮಾಡದೆ ಸಸಿ ಇಡುವುದಿಲ್ಲ. ಒಂದು ಸಸಿಗೆ ಎರಡು ಸೆಕೆಂಡಿನ ಕೆಲಸ.

ಬೇರು ಸುತ್ತಿಕೊಂಡಿದ್ದರೆ ತಳವನ್ನು ಮೆಲ್ಲಗೆ ಬಿಡಿಸಿ. ಗಡ್ಡೆಯ ಮೇಲ್ಭಾಗ ಪಾತಿಯ ಮಟ್ಟಕ್ಕೆ ಸಮ ಇರಲಿ, ಭಾರಿ ಮಣ್ಣಾದರೆ ಅರ್ಧದಿಂದ ಒಂದು ಸೆಂ.ಮೀ. ಮೇಲೆಯೇ ಇರಲಿ. ಮಣ್ಣು ಕೂತ ಮೇಲೆ ಸರಿಹೋಗುತ್ತದೆ. ಆಳಕ್ಕೆ ಹೂತರೆ ಕಾಂಡದ ಸುತ್ತ ನೀರು ನಿಂತು ಕೊಳೆ ಹಿಡಿಯುತ್ತದೆ. ಬೆರಳ ತುದಿಯಿಂದ ಒತ್ತಿದರೆ ಸಾಕು, ಕಾಲಿನಿಂದ ತುಳಿಯಬೇಡಿ. ಪ್ರತಿ ಸಸಿಯ ಬುಡಕ್ಕೆ ಒಂದು ಲೋಟದಷ್ಟು ನೀರು ಬಿಡಿ. ಮಳೆ ಬರ್ತಿದೆಯಲ್ಲ ಅನ್ನಬೇಡಿ, ಇದು ಬಾಯಾರಿಕೆಗಲ್ಲ, ಬೇರಿಗೂ ಮಣ್ಣಿಗೂ ನಡುವಿನ ಸಂದು ಮುಚ್ಚಲಿಕ್ಕೆ. ಬಿಟ್ಟಿರುವ ಹೂಗಳನ್ನು ಚಿವುಟಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೂ ಚಿವುಟಿ, ಗಿಡ ಬೇರಿನ ಕಡೆ ಗಮನ ಕೊಡಲಿ.

ನಡುವೆ ಮಳೆ ಶುರುವಾದರೆ ಯಾವಾಗ ನಿಲ್ಲಿಸಬೇಕು? ಕೈಸಲಿಕೆಗೆ ಮಣ್ಣು ಅಂಟಿ, ಕೊಡವಿದರೂ ಬೀಳದಿದ್ದಾಗ. ಇನ್ನು ಹದಿನೈದೇ ಸಸಿ ಉಳಿದಿದ್ದರೂ ಅಲ್ಲಿಗೆ ನಿಲ್ಲಿಸಿ. ಬೆಳಕು ಬೀಳುವ, ಮಳೆ ತಾಗದ ಕಡೆ ಟ್ರೇ ಇಟ್ಟರೆ ಸಸಿ ನಾಲ್ಕು ದಿನ ಆರಾಮಾಗಿ ಕಾಯುತ್ತದೆ.

## ಹಂತ 8: ಮೊದಲ ಎರಡು ವಾರ

ಮುಚ್ಚಿಗೆಯನ್ನು ಅವತ್ತೇ ಹಾಕಬೇಡಿ. ಒಂದು ವಾರ ಮಣ್ಣಿಗೆ ಗಾಳಿಯಾಡಲಿ. ಆಮೇಲೆ ತರಗೆಲೆಯ ಪುಡಿ ಅಥವಾ ಸಣ್ಣ ತೊಗಟೆ ಚೂರನ್ನು 2–3 ಸೆಂ.ಮೀ. ಹರಡಿ, ಕಾಂಡದಿಂದ ಮೂರು ನಾಲ್ಕು ಬೆರಳು ದೂರ ಬಿಡಿ. ಮಳೆಹನಿ ನೆಲಕ್ಕೆ ಬಡಿದು ಎಲೆಗೆ ಕೆಸರು ಎರಚುವುದು ಇದರಿಂದ ತಪ್ಪುತ್ತದೆ. ರೋಗ ಹಲವು ಸಲ ಆ ಕೆಸರಿನ ಜೊತೆಯೇ ಎಲೆಗೆ ಹತ್ತುತ್ತದೆ.

ಜೋರು ಮಳೆಯ ನಂತರ ಮಣ್ಣಿನ ಮೇಲೆ ಹೆಪ್ಪು ಕಟ್ಟಿದರೆ, ಹದ ನೋಡಿಕೊಂಡು ಕೈಫೋರ್ಕಿನಿಂದ ಒಂದೆರಡು ಸೆಂ.ಮೀ. ಕೆದಕಿ. ಬಿದ್ದ ಎಸಳು, ಕೊಳೆತ ಹೂ ದಿನಾ ಆರಿಸಿ. ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ: ಸಿಂಬಳದ ಹುಳು, ಬಸವನ ಹುಳು ಸಿಗುತ್ತವೆ. ಕೈಗವಸು ಹಾಕಿಕೊಂಡು ಹೆಕ್ಕಿ. ತುಂಬಾ ಇದ್ದರೆ ಕಬ್ಬಿಣದ ಫಾಸ್ಫೇಟ್ ಹರಳನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ಚೆಲ್ಲಿ. ನಾಯಿ, ಮಕ್ಕಳು ಓಡಾಡುವ ಜಾಗದಲ್ಲಿ ಮೆಟಾಲ್ಡಿಹೈಡ್ ಇರುವ ಹರಳು ಬೇಡ, ನಾಯಿಗಳಿಗೆ ಅದು ಪ್ರಾಣಕ್ಕೇ ಅಪಾಯ.

## ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಮಣ್ಣು ಒದ್ದೆ, ಆದರೂ ಗಿಡ ಬಾಡಿದೆ. ನೀರು ಹಾಕಲು ಓಡಬೇಡಿ, ಎಲ್ಲರೂ ಮಾಡುವ ತಪ್ಪು ಅದೇ. ಒಂದು ಗಿಡ ಕಿತ್ತು ಬೇರನ್ನು ಬೆರಳಲ್ಲಿ ಎಳೆಯಿರಿ. ಮೇಲಿನ ಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಉಳಿದರೆ ಬೇರು ಕೊಳೆತಿದೆ. ಆ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಚೀಲಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗಲ್ಲ. ಆ ಜಾಗದಿಂದ ನೀರು ಹೊರಹೋಗುವ ದಾರಿ ಮಾಡಿ.

ಕಾಂಡ ನೆಲಮಟ್ಟದಲ್ಲಿ ಸೊರಗಿ ಸಸಿ ಮಗುಚಿದೆ. ಬುಡ ಕೊಳೆ. ಹೋದದ್ದು ಉಳಿಯುವುದಿಲ್ಲ. ಅಕ್ಕಪಕ್ಕದ ಸಸಿಗಳ ಬುಡದಿಂದ ಮುಚ್ಚಿಗೆ ಸರಿಸಿ ಗಾಳಿಯಾಡಿಸಿ.

ಹೂ, ಎಲೆಯ ಮೇಲೆ ಬೂದು ಬಣ್ಣದ ತುಪ್ಪಳ. ಇದು ಬೊಟ್ರೈಟಿಸ್ ಬೂಜು. ಒಣಹವೆ ಇರುವ ಹೊತ್ತಿನಲ್ಲಿ ಕತ್ತರಿಸಿ ತೆಗೆಯಿರಿ. ಒದ್ದೆ ಇದ್ದಾಗ ಕೈಯಾಡಿಸಿದರೆ ನೀವೇ ಹರಡಿದಂತೆ.

ಕೆಳಗಿನ ಎಲೆ ಮಾತ್ರ ಹಳದಿ, ಗಿಡ ನೆಟ್ಟಗಿದೆ, ಬೇರು ಬಿಳಿ. ಗಾಬರಿ ಬೇಡ. ಮಳೆಗೆ ಸಾರಜನಕ ತೊಳೆದು ಹೋಗಿದೆ ಅಷ್ಟೇ. ಎರಡು ದಿನದ ಹೊಳವು ನೋಡಿಕೊಂಡು ತೆಳುವಾದ ದ್ರವಗೊಬ್ಬರ ಕೊಡಿ.

ಬೂಟಿನ ಗುರುತಿನಲ್ಲಿ ನೀರು ನಿಂತಿದೆ. ಯಾರೋ ಹಲಗೆ ಬಿಟ್ಟು ಇಳಿದಿದ್ದಾರೆ, ಅಥವಾ ಚೆಂಡು ತೆಗೆಯಲು ಮಕ್ಕಳು ನುಗ್ಗಿದ್ದಾರೆ. ಹದ ಬಂದ ಮೇಲೆ ಆ ಗುರುತಿಗೆ ಫೋರ್ಕ್ ಚುಚ್ಚಿ, ಅಗೆಯದೆ ಮೆಲ್ಲಗೆ ಅಲುಗಾಡಿಸಿ ಸಡಿಲ ಮಾಡಿ.

ಎರಡು ವಾರ ಕಳೆದ ಮೇಲೆ ಖಾಲಿ ಜಾಗಗಳನ್ನು ಎಣಿಸಿ, ಉಳಿಸಿಕೊಂಡಿದ್ದ ಸಸಿಗಳನ್ನು ತುಂಬಿ. ಅಲ್ಲೊಂದು ಇಲ್ಲೊಂದು ಹೋಗಿದ್ದರೆ ಮಾಮೂಲಿ. ಒಂದೇ ಕಡೆ ಹತ್ತು ಹನ್ನೆರಡು ಒಟ್ಟಿಗೆ ಹೋಗಿದ್ದರೆ ಅಲ್ಲಿಗೆ ಮತ್ತೆ ಸಸಿ ಇಡುವ ಮೊದಲು ಹಂತ 1ರ ಗುಂಡಿ ಪರೀಕ್ಷೆಯನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಮಾಡಿ.